ಆಸ್ಪತ್ರೆಯ ಯಂತ್ರಗಳಿಂದ ಮಿದುಳಿನ ಸಂಶೋಧನೆಗೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮಾನ್ಯರೇ, ನಾನು ಹಾಸನ ಜಿಲ್ಲೆಯವಳು. ಮೆಡಿಕಲ್ ಎಲೆಕ್ಟ್ರಾನಿಕ್ಸ್‌ನಲ್ಲಿ ಬಿ.ಇ. ಮುಗಿಸಿ ಮೂರು ವರ್ಷಗಳಿಂದ ಮೈಸೂರಿನ ಆಸ್ಪತ್ರೆಯೊಂದರ ಬಯೋಮೆಡಿಕಲ್ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದೇನೆ. ವೆಂಟಿಲೇಟರ್, ಮಾನಿಟರ್, ಇನ್ಫ್ಯೂಷನ್ ಪಂಪ್, ಮಿದುಳಿನ ವಿದ್ಯುತ್ ಚಟುವಟಿಕೆಯನ್ನು ದಾಖಲಿಸುವ ಇಇಜಿ ಯಂತ್ರಗಳ ರಿಪೇರಿ ಮತ್ತು ಕ್ಯಾಲಿಬ್ರೇಷನ್ ನನ್ನ ಹೊಣೆ. ಇಇಜಿ ಕೋಣೆಗೆ ಹೋದಾಗಲೆಲ್ಲ, ಯಂತ್ರ ಸರಿಹೋದ ಮೇಲೂ ಪರದೆಯ ಮೇಲೆ ಓಡುವ ಗೆರೆಗಳನ್ನು ನೋಡುತ್ತಾ ನಿಂತುಬಿಡುತ್ತೇನೆ. ಮಿದುಳು, ನರಗಳೊಡನೆ ಯಂತ್ರಗಳನ್ನು ಬೆಸೆಯುವ ನ್ಯೂರೋ ಎಂಜಿನಿಯರಿಂಗ್ ಸಂಶೋಧನೆಗೆ ಹೋಗಬೇಕೆಂಬ ಆಸೆ ಅಲ್ಲಿಂದಲೇ ಹುಟ್ಟಿತು. ಆದರೆ ಎಂ.ಟೆಕ್. ಮಾಡಿಲ್ಲ, ಪಿಯುಸಿಯ ನಂತರ ಜೀವಶಾಸ್ತ್ರವನ್ನು ಸರಿಯಾಗಿ ಓದಿಲ್ಲ, ವಯಸ್ಸು 26, ಶಿಕ್ಷಣ ಸಾಲ ಇನ್ನೂ ತೀರಿಲ್ಲ. ಸರ್ವಿಸ್ ಕೆಲಸದಲ್ಲಿ ಕಳೆದ ಮೂರು ವರ್ಷ ವ್ಯರ್ಥವಾಯಿತೇ? ಎಲ್ಲಿಂದ ಆರಂಭಿಸಲಿ?
ಹೆಸರು ಬೇಡ, ಮೈಸೂರು

ಉತ್ತರ: ನಿಮ್ಮ ಪತ್ರದ ಕೊನೆಯ ಮಾತಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ನಿಮ್ಮನ್ನು ಹಿಂದಕ್ಕೆ ಎಳೆಯುತ್ತಿರುವುದು ಆ ಸಂಶಯವೇ. ಮೂರು ವರ್ಷಗಳು ವ್ಯರ್ಥವಾಗಿಲ್ಲ. ನೆತ್ತಿಯ ಮೇಲಿಟ್ಟ ಎಲೆಕ್ಟ್ರೋಡಿಗೆ ಸಿಗುವ ಇಇಜಿ ಸಂಕೇತ ಸಾಮಾನ್ಯವಾಗಿ 10ರಿಂದ 100 ಮೈಕ್ರೋವೋಲ್ಟ್‌ನಷ್ಟಿರುತ್ತದೆ. ಅದೇ ಕೋಣೆಯ ಗೋಡೆಯೊಳಗಿನ 230 ವೋಲ್ಟ್, 50 ಹರ್ಟ್ಸ್ ವಿದ್ಯುತ್ತು ಅದಕ್ಕಿಂತ ಲಕ್ಷಾಂತರ ಪಟ್ಟು ದೊಡ್ಡದು. ಅರ್ತಿಂಗ್ ಸರಿಯಿಲ್ಲದ ಪ್ಲಗ್, ಒಣಗಿದ ಪೇಸ್ಟ್, ಸಡಿಲವಾದ ಲೀಡ್, ಪಕ್ಕದ ಕೋಣೆಯಲ್ಲಿ ಚಾಲೂ ಆದ ಡಯಾಥರ್ಮಿ ಯಂತ್ರ ಇವುಗಳಲ್ಲಿ ಯಾವುದು ಆ ಗೆರೆಯನ್ನು ಹೇಗೆ ಕೆಡಿಸುತ್ತದೆ ಎಂಬುದು ನಿಮಗೆ ಇಷ್ಟು ಹೊತ್ತಿಗೆ ಕಣ್ಣಳತೆಯಲ್ಲೇ ಗೊತ್ತಾಗುತ್ತಿರಬೇಕು. ಹೃದಯಕ್ಕೆ ನೇರವಾಗಿ ತಾಗಬಹುದಾದ ಸಿಎಫ್ ವರ್ಗದ ಉಪಕರಣದಿಂದ ರೋಗಿಯ ಮೈಗೆ ಹರಿಯುವ ಸೋರಿಕೆ ವಿದ್ಯುತ್ತು ಸಾಮಾನ್ಯ ಸ್ಥಿತಿಯಲ್ಲಿ 10 ಮೈಕ್ರೋಆಂಪಿಯರ್ ಮೀರಬಾರದೆಂಬ ಮಿತಿಯನ್ನು ಸೇಫ್ಟಿ ಅನಲೈಸರ್ ಹಿಡಿದು ಪರೀಕ್ಷಿಸಿದವರಿಗೆ, ಮಿದುಳಿಗೆ ಎಲೆಕ್ಟ್ರೋಡ್ ಇಳಿಸುವ ಕೆಲಸದಲ್ಲಿ ಎಷ್ಟು ಎಚ್ಚರ ಬೇಕೆಂದು ಬೇರೆ ಯಾರೂ ಬೋಧಿಸಬೇಕಾಗಿಲ್ಲ. ಉತ್ತಮ ಕಾಲೇಜಿನಿಂದ ನೇರವಾಗಿ ಪಿಎಚ್‌.ಡಿ.ಗೆ ಬಂದ ವಿದ್ಯಾರ್ಥಿ ಇದನ್ನು ಕಲಿಯುವುದಕ್ಕೆ ಒಂದೆರಡು ವರ್ಷ ತೆಗೆದುಕೊಳ್ಳುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ.

ನ್ಯೂರೋ ಎಂಜಿನಿಯರಿಂಗ್ ಎಂಬ ಒಂದೇ ಹೆಸರಿನಡಿ ಬೇರೆ ಬೇರೆ ಕಸುಬುಗಳು ಸೇರಿಕೊಂಡಿವೆ. ನಿಮ್ಮದು ಯಾವುದೆಂದು ತಿಳಿದುಕೊಳ್ಳುವುದೇ ಮೊದಲ ಕೆಲಸ. 1924ರಲ್ಲಿ ಜರ್ಮನಿಯ ಯೇನಾ ನಗರದಲ್ಲಿ ಹಾನ್ಸ್ ಬರ್ಗರ್ ಎಂಬ ಮನೋವೈದ್ಯರು ಮನುಷ್ಯನ ಮಿದುಳಿನ ವಿದ್ಯುತ್ ಚಟುವಟಿಕೆಯನ್ನು ಮೊದಲ ಬಾರಿಗೆ ದಾಖಲಿಸಿದರು. ಆದರೆ ತಾವು ಕಂಡದ್ದು ನಿಜವಾಗಿಯೂ ಮಿದುಳಿನಿಂದಲೇ ಬಂದದ್ದೇ ಎಂದು ಪರೀಕ್ಷಿಸುತ್ತಾ ಐದು ವರ್ಷ ಕಾದು 1929ರಲ್ಲಿ ಪ್ರಕಟಿಸಿದರು. ಮಿದುಳಿನ ಮಾತನ್ನು ಕೇಳಿಸಿಕೊಳ್ಳುವ, ಅಂದರೆ ಸಂಕೇತವನ್ನು ಹಿಡಿದು ದಾಖಲಿಸುವ ಕಸುಬು ಆ ಪರಂಪರೆಯದು. 1987ರಲ್ಲಿ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಅಲಿಂ ಲೂಯಿ ಬೆನಾಬಿಡ್ ಮತ್ತು ಅವರ ಸಹೋದ್ಯೋಗಿಗಳು, ಮಿದುಳಿನ ಆಳದಲ್ಲಿರುವ ಥಾಲಮಸ್‌ಗೆ ಹೆಚ್ಚು ಆವರ್ತನದ ವಿದ್ಯುತ್ ಪ್ರಚೋದನೆ ಕೊಟ್ಟರೆ ಕೈನಡುಕ ನಿಲ್ಲುತ್ತದೆ ಎಂದು ತೋರಿಸಿದರು. ಇಂದು ಪಾರ್ಕಿನ್‌ಸನ್ ರೋಗಿಗಳಿಗೆ ಮಾಡುವ ಡೀಪ್ ಬ್ರೇನ್ ಸ್ಟಿಮ್ಯುಲೇಷನ್ ಸಾಮಾನ್ಯವಾಗಿ 130 ಹರ್ಟ್ಸ್‌ನ ಆಸುಪಾಸಿನಲ್ಲಿ ನಡೆಯುತ್ತದೆ. ಎಲೆಕ್ಟ್ರೋಡ್, ಸರ್ಕಿಟ್, ಬ್ಯಾಟರಿ, ಲೋಹ, ಅಂಗಾಂಶ ಇವೆಲ್ಲ ಸೇರಿದ ಎರಡನೆಯ ಕಸುಬು ಇದು. ಇವೆರಡರ ನಡುವೆ, ಹಿಡಿದ ಸಂಕೇತವನ್ನು ಗಣಿತದಿಂದ ಅರ್ಥಕ್ಕೆ ತಿರುಗಿಸುವ ಮೂರನೆಯದೊಂದಿದೆ. 2004ರಲ್ಲಿ ಅಮೆರಿಕದ ಬ್ರೈನ್‌ಗೇಟ್ ಪ್ರಯೋಗದಲ್ಲಿ, ಬೆನ್ನುಹುರಿಗೆ ಪೆಟ್ಟಾಗಿ ಕೈಕಾಲುಗಳ ಸ್ವಾಧೀನ ಕಳೆದುಕೊಂಡಿದ್ದ ಯುವಕನೊಬ್ಬನ ಮಿದುಳಿನ ಮೇಲೆ ಬರೀ 4 ಮಿಲಿಮೀಟರ್ ಅಗಲ, ಅಷ್ಟೇ ಉದ್ದದ, 96 ಎಲೆಕ್ಟ್ರೋಡ್‌ಗಳ ಯೂಟಾ ಅರೇಯನ್ನು ಕೂರಿಸಿ, ಕೈ ಆಡಿಸಬೇಕೆಂಬ ಅವನ ಸಂಕಲ್ಪದಿಂದಲೇ ಕಂಪ್ಯೂಟರಿನ ಕರ್ಸರ್ ಚಲಿಸುವಂತೆ ಮಾಡಿದಾಗ ಈ ಮೂರೂ ಕಸುಬುಗಳು ಒಂದೇ ಮೇಜಿನ ಮೇಲೆ ಕೂಡಿದವು.

ಮೂರನ್ನೂ ಒಟ್ಟಿಗೆ ಕಲಿಯಲು ಹೊರಟವರು ಯಾವುದರಲ್ಲೂ ಆಳಕ್ಕೆ ಇಳಿಯುವುದಿಲ್ಲ. ನಿಮ್ಮ ಕೈಗೆ ಈಗಾಗಲೇ ಒಗ್ಗಿರುವುದು ಮೊದಲನೆಯದು. ಆದ್ದರಿಂದ ಇಇಜಿಯನ್ನೇ ಹಿಡಿಯಿರಿ, ಮೂರ್ಛೆರೋಗದಂತಹ ಒಂದೇ ಒಂದು ಕ್ಲಿನಿಕಲ್ ಪ್ರಶ್ನೆಗೆ ಅಂಟಿಕೊಳ್ಳಿ. ಪ್ರಪಂಚದಲ್ಲಿ ಸುಮಾರು 5 ಕೋಟಿ ಜನರಿಗೆ ಈ ಕಾಯಿಲೆ ಇದೆಯೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು; ಇವರಲ್ಲಿ ಸುಮಾರು ಮೂರನೇ ಒಂದು ಭಾಗದವರಿಗೆ ಔಷಧದಿಂದ ಫಿಟ್ಸ್ ಹತೋಟಿಗೆ ಬರುವುದಿಲ್ಲ. ಎಂಜಿನಿಯರುಗಳ ನೆರವು ಇಲ್ಲಿ ನಿಜವಾಗಿಯೂ ಬೇಕಾಗಿದೆ.

ಈಗ ಕೆಲಸ ಬಿಡಬೇಡಿ. ಆರು ತಿಂಗಳು ಸಂಜೆಯ ಹೊತ್ತನ್ನು ಒಂದೇ ಅಭ್ಯಾಸಕ್ಕೆ ಮೀಸಲಿಡಿ. 1999ರಿಂದ ನಡೆಯುತ್ತಿರುವ ಫಿಸಿಯೋನೆಟ್ ಎಂಬ ಮುಕ್ತ ಭಂಡಾರದಲ್ಲಿ, ಅಮೆರಿಕದ ಬಾಸ್ಟನ್ ಮಕ್ಕಳ ಆಸ್ಪತ್ರೆಯಲ್ಲಿ ಔಷಧಕ್ಕೆ ಬಗ್ಗದ ಮೂರ್ಛೆಯಿದ್ದ ಮಕ್ಕಳಿಂದ ದಾಖಲಿಸಿದ ಇಇಜಿ ಸಂಗ್ರಹವಿದೆ. ಪ್ರತಿ ಸೆಕೆಂಡಿಗೆ 256 ಮಾದರಿಗಳಂತೆ ಗಂಟೆಗಟ್ಟಲೆ ನಡೆದ ದಾಖಲಾತಿ ಅದು. ಫಿಟ್ಸ್ ಎಲ್ಲಿ ಆರಂಭವಾಯಿತು, ಎಲ್ಲಿ ಮುಗಿಯಿತು ಎಂಬ ಗುರುತುಗಳೂ ಅದರಲ್ಲಿವೆ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಮತ್ತು ಎಂಎನ್‌ಇ ಎಂಬ ಉಚಿತ ತಂತ್ರಾಂಶವನ್ನು ಬಳಸಿ ಅದನ್ನು ತೆರೆಯಿರಿ. ಮೊದಲ ಒಂದು ತಿಂಗಳು ಯಾವ ಪ್ರೋಗ್ರಾಮನ್ನೂ ಬರೆಯದೆ ಗೆರೆಗಳನ್ನು ಕಣ್ಣಿನಿಂದ ಮಾತ್ರ ಓದಿ: ಇದು ಕಣ್ಣು ಮಿಟುಕಿಸಿದ್ದು, ಇದು ದವಡೆ ಬಿಗಿದದ್ದು, ಇದು ಎಲೆಕ್ಟ್ರೋಡ್ ಕಿತ್ತದ್ದು, ಇದು ನಿದ್ದೆ ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಆಮೇಲೆ ಫಿಲ್ಟರ್ ಹಾಕಿ, ಹಾಕಿದ ಪ್ರತಿ ಫಿಲ್ಟರ್ ಗೆರೆಯ ಆಕಾರವನ್ನು ಹೇಗೆ ತಿರುಚುತ್ತದೆ ಎಂದು ನೋಡಿ. ಅದಾದ ಮೇಲೆ ಮಾತ್ರ ಫಿಟ್ಸ್ ಗುರುತಿಸುವ ಪ್ರೋಗ್ರಾಮಿಗೆ ಕೈಹಾಕಿ.

ಆಗ ಒಂದು ಬಲೆ ನಿಮಗಾಗಿ ಕಾದಿರುತ್ತದೆ, ಅದನ್ನು ಈಗಲೇ ಹೇಳಿಬಿಡುತ್ತೇನೆ. 24 ಗಂಟೆಗಳ ದಾಖಲಾತಿಯಲ್ಲಿ ಫಿಟ್ಸ್ ಒಟ್ಟು ಮೂರು ನಿಮಿಷ ಇತ್ತೆಂದುಕೊಳ್ಳಿ. ಏನನ್ನೂ ಕಲಿಯದೆ ಪ್ರತಿ ಕ್ಷಣವೂ ‘ಫಿಟ್ಸ್ ಇಲ್ಲ’ ಎಂದು ಹೇಳುವ ಪ್ರೋಗ್ರಾಮು ಕೂಡ 99.8 ಶೇಕಡಾ ಸರಿಯಾಗಿರುತ್ತದೆ. ಪ್ರಬಂಧಗಳಲ್ಲಿ ಮೆರೆಯುವ ಇಂತಹ ನಿಖರತೆಯ ಅಂಕಿಗಳಿಂದ ವೈದ್ಯರಿಗೆ ಯಾವ ಉಪಯೋಗವೂ ಇಲ್ಲ; ಅವರು ಕೇಳುವುದು, ಎಷ್ಟು ಫಿಟ್ಸ್ ತಪ್ಪಿಹೋದವು, ದಿನಕ್ಕೆ ಎಷ್ಟು ಸುಳ್ಳು ಅಲಾರಂ ಬಾರಿಸಿದವು ಎಂಬುದನ್ನು. ಐಸಿಯುನಲ್ಲಿ ಸುಳ್ಳು ಅಲಾರಮ್ಮಿಗೆ ಬೇಸತ್ತ ನರ್ಸ್‌ಗಳು ಮಾನಿಟರ್ ಸದ್ದನ್ನು ಆರಿಸುವುದನ್ನು ಕಂಡಿರುವ ನಿಮಗೆ ಈ ಪ್ರಶ್ನೆಯ ತೂಕ ಬೇಗ ಅರ್ಥವಾಗುತ್ತದೆ. ಇನ್ನೊಂದು ಬಲೆ ಇದಕ್ಕಿಂತ ಸೂಕ್ಷ್ಮವಾದುದು. ಒಂದೇ ಮಗುವಿನ ಒಂದೇ ಫಿಟ್ಸ್‌ನ ತುಣುಕುಗಳನ್ನು ಕಲಿಕೆಗೂ ಪರೀಕ್ಷೆಗೂ ಹಂಚಿಬಿಟ್ಟರೆ, ಪ್ರೋಗ್ರಾಮು ಕಾಯಿಲೆಯನ್ನು ಕಲಿಯುವ ಬದಲು ಆ ಮಗುವನ್ನೇ ಕಲಿತುಬಿಡುತ್ತದೆ. ಕೆಲವು ಮಕ್ಕಳ ದಾಖಲಾತಿಯನ್ನು ಪೂರ್ತಿ ಬದಿಗಿಟ್ಟು, ಕೊನೆಯಲ್ಲಿ ಒಂದೇ ಸಲ ಅದರ ಮೇಲೆ ಪರೀಕ್ಷಿಸಿ. ಅಂಕಿ ಕುಸಿಯುತ್ತದೆ. ಕುಸಿದ ಆ ಅಂಕಿಯನ್ನು ಮರೆಮಾಚದೆ, ಏಕೆ ಕುಸಿಯಿತೆಂದು ನಾಲ್ಕು ಪುಟ ಬರೆಯಬಲ್ಲ ಅಭ್ಯರ್ಥಿಯನ್ನು ಯಾವ ಒಳ್ಳೆಯ ಗೈಡ್ ಕೂಡ ಕೈಬಿಡುವುದಿಲ್ಲ ಎಂದು ನಾನು ನಂಬಿದ್ದೇನೆ.

ಈ ವಿಷಯದಲ್ಲಿ ನಾನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ನನ್ನ ಪಿಎಚ್‌.ಡಿ.ಯ ಎರಡನೆಯ ವರ್ಷದಲ್ಲಿ, ಕಷ್ಟದ ಲೆಕ್ಕ ಮಾಡುವವರ ಇಇಜಿಯಲ್ಲಿ 20 ಹರ್ಟ್ಸ್‌ಗಿಂತ ಮೇಲಿನ ಚಟುವಟಿಕೆ ಹೆಚ್ಚುತ್ತದೆ ಎಂದು ನಾನು ಕಂಡುಕೊಂಡೆ. ಏಳು ತಿಂಗಳು ಅದರ ಮೇಲೆ ದುಡಿದು ಪ್ರಬಂಧದ ಕರಡನ್ನೂ ಬರೆದೆ. ನಮ್ಮ ಲ್ಯಾಬಿನ ಹಿರಿಯ ಇಇಜಿ ಟೆಕ್ನಿಷಿಯನ್ ಒಬ್ಬರು ಗೆರೆಗಳನ್ನು ಎರಡು ನಿಮಿಷ ನೋಡಿ, ‘ಲೆಕ್ಕ ಕಷ್ಟವಾದಾಗ ಇವರೆಲ್ಲ ಹಲ್ಲು ಕಚ್ಚುತ್ತಿದ್ದಾರೆ’ ಎಂದರು. ಕಿವಿಯ ಮೇಲ್ಭಾಗದ ಸ್ನಾಯುವಿನ ವಿದ್ಯುತ್ತನ್ನು ನಾನು ಯೋಚನೆಯ ಲಯವೆಂದು ಓದಿದ್ದೆ. ನಿಮ್ಮ ಆಸ್ಪತ್ರೆಯ ಇಇಜಿ ಟೆಕ್ನಿಷಿಯನ್ ಪಕ್ಕದಲ್ಲಿ ಬಿಡುವಿದ್ದಾಗ ಕುಳಿತುಕೊಳ್ಳಿ, ನರರೋಗ ತಜ್ಞರು ಒಪ್ಪಿದರೆ ಅವರು ವರದಿ ಬರೆಯುವಾಗ ಜೊತೆಗಿರಿ. ಆದರೆ ರೋಗಿಗಳ ಫೈಲನ್ನು ಕಲಿಕೆಗೆಂದು ಪೆನ್‌ಡ್ರೈವ್‌ಗೆ ಹಾಕಿಕೊಂಡು ಮನೆಗೆ ಒಯ್ಯುವ ಕೆಲಸವನ್ನು ಎಂದೂ ಮಾಡಬೇಡಿ. ಮನುಷ್ಯರನ್ನು ಒಳಗೊಂಡ ಸಂಶೋಧನೆಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2017ರಲ್ಲಿ ಹೊರತಂದ ಮಾರ್ಗಸೂಚಿಗಳಿವೆ. ನೈತಿಕ ಸಮಿತಿಯ ಒಪ್ಪಿಗೆ ಇಲ್ಲದೆ, ಆ ಸಮಿತಿ ವಿಧಿಸಿದ ರೀತಿಯಲ್ಲಿ ರೋಗಿಯ ಸಮ್ಮತಿ ಪಡೆಯದೆ ಮಾಡಿದ ಕೆಲಸ ಎಷ್ಟೇ ಚೆನ್ನಾಗಿದ್ದರೂ ಅದಕ್ಕೆ ಸಂಶೋಧನೆಯ ಮಾನ್ಯತೆ ಇಲ್ಲ.

ಜೀವಶಾಸ್ತ್ರದ ಬಗ್ಗೆ ನೀವು ಭಯಪಟ್ಟಷ್ಟು ಕಷ್ಟವಿಲ್ಲ. ವೈದ್ಯಕೀಯದ ಐದು ವರ್ಷಗಳ ಓದು ನಿಮಗೆ ಬೇಡ. ನರಕೋಶದ ಪೊರೆಯಲ್ಲಿ ವೋಲ್ಟೇಜ್ ಹೇಗೆ ಹುಟ್ಟುತ್ತದೆ, ಸಿನಾಪ್ಸ್ ಎಂದರೇನು, ಮಿದುಳಿನ ತೊಗಟೆಯಲ್ಲಿ ಒಂದೇ ದಿಕ್ಕಿಗೆ ನಿಂತ ಸಾವಿರಾರು ಪಿರಮಿಡ್ ಕೋಶಗಳ ಸಿನಾಪ್ಸ್ ಚಟುವಟಿಕೆ ಕೂಡಿಕೊಂಡು ನೆತ್ತಿಯ ತನಕ ಹೇಗೆ ಬರುತ್ತದೆ, ಇಷ್ಟನ್ನು ಗಟ್ಟಿ ಮಾಡಿಕೊಂಡರೆ ಆರಂಭಕ್ಕೆ ಸಾಕು. ಹಾಡ್ಜ್‌ಕಿನ್ ಮತ್ತು ಹಕ್ಸ್ಲಿ ಎಂಬ ವಿಜ್ಞಾನಿಗಳು ನರಕೋಶದ ವಿದ್ಯುತ್ತನ್ನು ವಿವರಿಸಲು 1952ರಲ್ಲಿ ಬರೆದ ನಾಲ್ಕು ಸಮೀಕರಣಗಳನ್ನು ನೀವೇ ಕಂಪ್ಯೂಟರಿನಲ್ಲಿ ಬಿಡಿಸಿ ನೋಡಿ. ಅದು ಕೆಪಾಸಿಟರ್, ರೆಸಿಸ್ಟರ್ ಮತ್ತು ಬ್ಯಾಟರಿಗಳ ಸರ್ಕಿಟ್ಟೇ. ಎಲೆಕ್ಟ್ರಾನಿಕ್ಸ್ ಓದಿದವರಿಗೆ ನರಕೋಶದ ಬಾಗಿಲು ತೆರೆದುಕೊಳ್ಳುವುದು ಅಲ್ಲಿಂದ.

ಇನ್ನು ಪ್ರವೇಶದ ವಿಚಾರ. ಎಂಜಿನಿಯರಿಂಗ್ ಉನ್ನತ ವ್ಯಾಸಂಗದ ಪ್ರವೇಶಕ್ಕೆ ನಡೆಯುವ ಗೇಟ್ ಪರೀಕ್ಷೆಯಲ್ಲಿ 2020ರಿಂದ ಬಯೋಮೆಡಿಕಲ್ ಎಂಜಿನಿಯರಿಂಗ್‌ಗೆ ಪ್ರತ್ಯೇಕ ಪತ್ರಿಕೆ ಇದೆ. ಅಂಕ ಮೂರು ವರ್ಷ ಚಾಲ್ತಿಯಲ್ಲಿರುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಗೇಟ್ ಅಂಕವಿರುವ ಬಿ.ಇ. ಪದವೀಧರರು ಎಂ.ಟೆಕ್. ಮಾಡದೆಯೇ ಪಿಎಚ್‌.ಡಿ. ಸಂದರ್ಶನಕ್ಕೆ ಅರ್ಜಿ ಹಾಕಬಹುದು. ಅಲ್ಲಿ ನರವಿಜ್ಞಾನ ಕೇಂದ್ರ, ಬಯೋಎಂಜಿನಿಯರಿಂಗ್ ವಿಭಾಗ, ಎಲೆಕ್ಟ್ರಿಕಲ್ ಮತ್ತು ಎಲೆಕ್ಟ್ರಾನಿಕ್ ವಿಭಾಗಗಳು ಎಲ್ಲವೂ ನಿಮ್ಮ ಆಸಕ್ತಿಗೆ ಹತ್ತಿರದವು. ನಿಮ್ಹಾನ್ಸ್‌ನ ನ್ಯೂರೋಫಿಸಿಯಾಲಜಿ ವಿಭಾಗ, ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆ, ಚೆನ್ನೈನ ಐಐಟಿ ಮದ್ರಾಸ್ ಕೂಡ ನೋಡಬೇಕಾದ ಸ್ಥಳಗಳು. ವಿಭಾಗಕ್ಕೆ ವಿಭಾಗಕ್ಕೆ ಅರ್ಹತೆ ಬೇರೆಯಾದ್ದರಿಂದ ಆಯಾ ವರ್ಷದ ಪ್ರಕಟಣೆಯನ್ನೇ ಓದಿ ಅರ್ಜಿ ಹಾಕಿ. ಶಿಕ್ಷಣ ಸಾಲವಿರುವ ನಿಮಗೆ ಹಣದ ಲೆಕ್ಕ ಮುಖ್ಯ: ಗೇಟ್ ಮೂಲಕ ಎಂ.ಟೆಕ್. ಸೇರಿದವರಿಗೆ ತಿಂಗಳಿಗೆ 12,400 ರೂಪಾಯಿ ಸಿಗುತ್ತಿದ್ದರೆ, 2023ರ ಜನವರಿಯಿಂದ ಜಾರಿಗೆ ಬಂದ ಪರಿಷ್ಕರಣೆಯಂತೆ ಪಿಎಚ್‌.ಡಿ.ಯ ಮೊದಲ ಎರಡು ವರ್ಷ ತಿಂಗಳಿಗೆ 37,000, ನಂತರ 42,000 ರೂಪಾಯಿ ಫೆಲೋಶಿಪ್ ಇದೆ. ಆದ್ದರಿಂದ ನಿಮ್ಮ ಸ್ಥಿತಿಯಲ್ಲಿ ನೇರವಾಗಿ ಪಿಎಚ್‌.ಡಿ.ಗೆ ಹೋಗುವುದು, ಅಥವಾ ಅದಕ್ಕೆ ಮೊದಲು ಒಂದು ವರ್ಷ ಯಾವುದಾದರೂ ಲ್ಯಾಬಿನಲ್ಲಿ ಪ್ರಾಜೆಕ್ಟ್ ಹುದ್ದೆ ಹಿಡಿಯುವುದು ಮೇಲು. ಪ್ರಾಜೆಕ್ಟ್ ಹುದ್ದೆಯಲ್ಲಿ ನಿಮಗೆ ಈ ಬದುಕು ಒಗ್ಗುತ್ತದೆಯೇ ಎಂಬುದು ನಿಮಗೂ, ನೀವು ಎಂತಹವರೆಂಬುದು ಗೈಡ್‌ಗೂ ತಿಳಿಯುತ್ತದೆ; ಐದು ವರ್ಷ ಒಟ್ಟಿಗೆ ದುಡಿಯಬೇಕಾದವರು ಮೊದಲೇ ಪರಸ್ಪರ ಅರಿತಿರುವುದು ಇಬ್ಬರಿಗೂ ಒಳ್ಳೆಯದು.

ಲ್ಯಾಬಿಗೆ ಪತ್ರ ಬರೆಯುವಾಗ ‘ನನಗೆ ಮಿದುಳೆಂದರೆ ತುಂಬಾ ಆಸಕ್ತಿ’ ಎಂದು ಆರಂಭಿಸಬೇಡಿ. ಅವರ ಒಂದು ಪ್ರಬಂಧವನ್ನು ಓದಿ, ಅದರ ಒಂದು ಚಿತ್ರದ ಬಗ್ಗೆ ನಿಮಗೆ ಹುಟ್ಟಿದ ಪ್ರಶ್ನೆಯನ್ನು ಬರೆಯಿರಿ. ಆರು ತಿಂಗಳ ಅಭ್ಯಾಸದ ನಾಲ್ಕು ಪುಟಗಳನ್ನು ಲಗತ್ತಿಸಿ. ಇಇಜಿ ಯಂತ್ರವನ್ನು ಬಿಚ್ಚಿ ಜೋಡಿಸಬಲ್ಲೆ ಎಂಬುದನ್ನು ಸಂಕೋಚವಿಲ್ಲದೆ ಹೇಳಿ. 26 ಈ ದಾರಿಗೆ ತಡವಾದ ವಯಸ್ಸಲ್ಲ.

ಪ್ರಶ್ನೆ: ನಾನು ಬೆಳಗಾವಿಯಲ್ಲಿ ಬಯೋಮೆಡಿಕಲ್ ಎಂಜಿನಿಯರಿಂಗ್ ಆರನೆಯ ಸೆಮಿಸ್ಟರಿನಲ್ಲಿದ್ದೇನೆ. ಡೀಪ್ ಲರ್ನಿಂಗ್ ಚೆನ್ನಾಗಿ ಕಲಿತಿದ್ದೇನೆ. ಮಿದುಳಿನಿಂದ ಕಂಪ್ಯೂಟರ್ ನಡೆಸುವ ಸಂಶೋಧನೆಗೆ ಇಷ್ಟು ಸಾಲದೇ? ಎಲೆಕ್ಟ್ರೋಡ್, ಸರ್ಕಿಟ್, ಶರೀರಶಾಸ್ತ್ರಗಳನ್ನೂ ಓದಲೇಬೇಕೇ?
ವಿದ್ಯಾರ್ಥಿ, ಬೆಳಗಾವಿ

ಉತ್ತರ: ಓದಲೇಬೇಕು, ಏಕೆಂದು ಒಂದು ಉದಾಹರಣೆಯಿಂದ ಹೇಳುತ್ತೇನೆ. 2021ರಲ್ಲಿ ಸ್ಟ್ಯಾನ್‌ಫರ್ಡ್‌ನ ಸಂಶೋಧಕರು, ಕೈಗಳ ಸ್ವಾಧೀನ ಕಳೆದುಕೊಂಡಿದ್ದ ವ್ಯಕ್ತಿಯೊಬ್ಬರು ಪೆನ್ನಿನಿಂದ ಬರೆಯುತ್ತಿರುವಂತೆ ಮನಸ್ಸಿನಲ್ಲೇ ಪ್ರಯತ್ನಿಸಿದಾಗ, ಅದನ್ನು ನಿಮಿಷಕ್ಕೆ ಸುಮಾರು 90 ಅಕ್ಷರಗಳ ವೇಗದಲ್ಲಿ ಪರದೆಯ ಮೇಲೆ ಮೂಡಿಸಿದರು. ಅಕ್ಷರ ಗುರುತಿಸಿದ್ದು ನೀವು ಕಲಿತಿರುವಂತಹ ನ್ಯೂರಲ್ ನೆಟ್‌ವರ್ಕೇ. ಆದರೆ ಆ ನೆಟ್‌ವರ್ಕಿಗೆ ಆಹಾರ ಬಂದದ್ದು, ಕೈಯನ್ನು ಆಡಿಸುವ ಮಿದುಳಿನ ಭಾಗವನ್ನು ಗುರುತಿಸಿ ಶಸ್ತ್ರಚಿಕಿತ್ಸೆಯಿಂದ ಇರಿಸಿದ ಎರಡು ಎಲೆಕ್ಟ್ರೋಡ್ ಅರೇಗಳಿಂದ. ಎಲೆಕ್ಟ್ರೋಡ್ ಕೂದಲೆಳೆಯಷ್ಟು ಸರಿದರೂ ನಿನ್ನೆ ಕೇಳಿಸುತ್ತಿದ್ದ ನರಕೋಶ ಇಂದು ಕೇಳಿಸದೆ ಹೋಗಬಹುದು. ವರ್ಷಗಳು ಕಳೆದಂತೆ ಎಲೆಕ್ಟ್ರೋಡಿನ ಸುತ್ತ ಕಲೆಗಟ್ಟಿದ ಅಂಗಾಂಶ ಬೆಳೆದು ಸಂಕೇತ ಮಂಕಾಗುತ್ತದೆ. ಚಿತ್ರಗಳನ್ನು ಗುರುತಿಸುವ ಪ್ರೋಗ್ರಾಮಿಗೆ ಕೋಟಿಗಟ್ಟಲೆ ಉದಾಹರಣೆಗಳು ಸಿಗುತ್ತವೆ. ಇಲ್ಲಿ ಇರುವುದು ಒಬ್ಬ ಮನುಷ್ಯ, ದಿನಕ್ಕೆ ಅವರು ದಣಿಯದೆ ಕೊಡಬಲ್ಲ ಕೆಲವೇ ಗಂಟೆಗಳು. ಸಂಕೇತ ಏಕೆ ಬದಲಾಯಿತೆಂದು ಊಹಿಸಲಾರದವರು ಕಲಿತದ್ದನ್ನೇ ಮತ್ತೆ ಮತ್ತೆ ಕಲಿಸುತ್ತಾ ಕೂರಬೇಕಾಗುತ್ತದೆ.

ಮಿದುಳಿಗೆ ವಿದ್ಯುತ್ತನ್ನು ಕೊಡುವ ಕೆಲಸದಲ್ಲಂತೂ ಇದು ಇನ್ನೂ ಮುಖ್ಯ. 100 ಮೈಕ್ರೋಆಂಪಿಯರ್ ವಿದ್ಯುತ್ತನ್ನು 200 ಮೈಕ್ರೋಸೆಕೆಂಡ್ ಹರಿಸಿದರೆ 20 ನ್ಯಾನೋಕೂಲಂಬ್ ಚಾರ್ಜ್ ಅಂಗಾಂಶಕ್ಕೆ ಹೋಗುತ್ತದೆ. ಅಷ್ಟನ್ನೇ ವಿರುದ್ಧ ದಿಕ್ಕಿನಲ್ಲಿ ಹಿಂದಕ್ಕೆ ಪಡೆಯದಿದ್ದರೆ ಎಲೆಕ್ಟ್ರೋಡಿನ ಮೇಲ್ಮೈಯಲ್ಲಿ ರಾಸಾಯನಿಕ ಕ್ರಿಯೆ ನಡೆದು ಲೋಹವೂ ಸವೆಯುತ್ತದೆ, ಅಂಗಾಂಶಕ್ಕೂ ಹಾನಿಯಾಗುತ್ತದೆ. ಇಂತಹ ಲೆಕ್ಕವನ್ನು ಕಾಗದದ ಮೇಲೆ ಮಾಡಬಲ್ಲಷ್ಟು ವಿದ್ಯುದ್ರಸಾಯನಶಾಸ್ತ್ರ ನಿಮಗೆ ಗೊತ್ತಿರಲಿ. ಮುಂದಿನ ಬೇಸಿಗೆಯಲ್ಲಿ ಎರಡು ತಿಂಗಳು ಬಿಡುವಿದ್ದರೆ, ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯು ಇತರ ಎರಡು ಅಕಾಡೆಮಿಗಳೊಡನೆ ನಡೆಸುವ ಬೇಸಿಗೆ ಸಂಶೋಧನಾ ಫೆಲೋಶಿಪ್‌ಗೆ ಅರ್ಜಿ ಹಾಕಿ, ಪ್ರಯೋಗ ನಡೆಸುವ ಲ್ಯಾಬನ್ನೇ ಆರಿಸಿಕೊಳ್ಳಿ. 2020ರಲ್ಲಿ ಆರಂಭವಾದ ನ್ಯೂರೋಮ್ಯಾಚ್ ಅಕಾಡೆಮಿಯ ಆನ್‌ಲೈನ್ ಬೇಸಿಗೆ ಶಾಲೆಯ ಪಾಠಗಳು ಮುಕ್ತವಾಗಿ ದೊರೆಯುತ್ತವೆ. ಗಣಿತ ಗೊತ್ತಿರುವ ನಿಮ್ಮಂಥವರಿಗೆ ನರವಿಜ್ಞಾನದೊಳಗೆ ಇಳಿಯಲು ಅದು ಒಳ್ಳೆಯ ಮೆಟ್ಟಿಲು.

ಡೀಪ್ ಲರ್ನಿಂಗ್ ಬಲ್ಲ ಕನ್ನಡದ ಹುಡುಗನಿಗೆ ಇನ್ನೊಂದು ಕೆಲಸವನ್ನೂ ತೋರಿಸುವ ಆಸೆ ನನಗಿದೆ. ಮೇಲೆ ಹೇಳಿದ ಬರವಣಿಗೆಯ ಪ್ರಯೋಗ ಇಂಗ್ಲಿಷಿನ 26 ಸಣ್ಣ ಅಕ್ಷರಗಳು ಮತ್ತು ಕೆಲವೇ ಚಿಹ್ನೆಗಳ ಮೇಲೆ ನಿಂತಿದೆ. ಕನ್ನಡದಲ್ಲಿ ಪ್ರತಿ ವ್ಯಂಜನಕ್ಕೆ ಕಾಗುಣಿತವಿದೆ, ಒತ್ತಕ್ಷರವಿದೆ. ‘ಹೋಗಬೇಕಾಗಿತ್ತಲ್ಲವೇ’ ಎಂಬ ಒಂದೇ ಪದದಲ್ಲಿ ಇಡೀ ವಾಕ್ಯ ಅಡಗಿರುತ್ತದೆ. ಪಾರ್ಶ್ವವಾಯುವಿನಿಂದ ಮಾತು ನಿಂತ ಕನ್ನಡಿಗರೊಬ್ಬರಿಗೆ ಇಂತಹ ಸಾಧನ ದೊರೆಯುವ ದಿನ ಬಂದಾಗ, ಅದು ಅವರ ಮಾತಿನ ಜಾಯಮಾನವನ್ನು ಅರಿತಿರಬೇಕಾದರೆ ಯಾರಾದರೂ ಈ ಭಾಷೆಯ ಧ್ವನಿ ಮತ್ತು ಪದರಚನೆಯ ಮಾದರಿಗಳನ್ನು ಕಟ್ಟಿರಬೇಕು. ಅದಕ್ಕೆ ಶಸ್ತ್ರಚಿಕಿತ್ಸೆ ಬೇಕಿಲ್ಲ, ದೊಡ್ಡ ಲ್ಯಾಬೂ ಬೇಕಿಲ್ಲ. ಅಂತಿಮ ವರ್ಷದ ಪ್ರಾಜೆಕ್ಟಿಗೆ ಅದರ ಒಂದು ಸಣ್ಣ ತುಂಡನ್ನು ಎತ್ತಿಕೊಂಡು ನೋಡಿ.

ಪ್ರಶ್ನೆ: ನನ್ನ ಮಗಳು ಬಯೋಮೆಡಿಕಲ್ ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದಾಳೆ. ನ್ಯೂರೋ ಎಂಜಿನಿಯರಿಂಗ್‌ನಲ್ಲಿ ಎಂ.ಎಸ್. ಮಾಡಲು ಜರ್ಮನಿಗೆ ಹೋಗುತ್ತೇನೆ ಎನ್ನುತ್ತಾಳೆ. ನಾನು ಸಣ್ಣ ವ್ಯಾಪಾರಿ. ಖರ್ಚು ಮಾಡಿ ಕಳಿಸಿದರೆ ಮುಂದೆ ಅವಳಿಗೆ ಜೀವನಕ್ಕೆ ದಾರಿಯಾಗುತ್ತದೆಯೇ? ಇಷ್ಟು ಸಣ್ಣ ವಿಷಯವನ್ನು ಈಗಲೇ ಹಿಡಿದುಕೊಳ್ಳುವುದು ಸರಿಯೇ?
ತಂದೆ, ದಾವಣಗೆರೆ

ಉತ್ತರ: ನಿಮ್ಮ ಎರಡನೆಯ ಪ್ರಶ್ನೆ ಮೊದಲನೆಯದಕ್ಕಿಂತ ಆಳವಾದುದು, ಅದಕ್ಕೆ ಉತ್ತರ ಒಬ್ಬ ಎಂಜಿನಿಯರ್‌ನ ಬದುಕಿನಲ್ಲಿದೆ. ಮೇಲಿನ ಉತ್ತರದಲ್ಲಿ ಹೇಳಿದ ಸ್ಟ್ಯಾನ್‌ಫರ್ಡ್ ಸಂಶೋಧನೆಯ ಮುಖ್ಯಸ್ಥರಲ್ಲಿ ಒಬ್ಬರು, 2023ರ ಜನವರಿಯಲ್ಲಿ ತೀರಿಕೊಂಡ ಕೃಷ್ಣ ಶೆಣೈ. ಅವರು ಎಂಐಟಿಯಲ್ಲಿ 1995ರಲ್ಲಿ ಪಿಎಚ್‌.ಡಿ. ಪಡೆದದ್ದು ಬೆಳಕು ಮತ್ತು ವಿದ್ಯುತ್ತನ್ನು ಜೋಡಿಸುವ ಚಿಪ್‌ಗಳ ಮೇಲೆ. ಮಿದುಳಿಗೂ ಅದಕ್ಕೂ ನೇರ ನಂಟಿರಲಿಲ್ಲ. ಆಮೇಲೆ ಕ್ಯಾಲ್‌ಟೆಕ್‌ನಲ್ಲಿ ನರವಿಜ್ಞಾನವನ್ನು ಹೊಸದಾಗಿ ಕಲಿತು, 2001ರಲ್ಲಿ ಸ್ಟ್ಯಾನ್‌ಫರ್ಡ್ ಸೇರಿದರು. ಗಟ್ಟಿಯಾದ ಎಲೆಕ್ಟ್ರಾನಿಕ್ಸ್ ಅವರನ್ನು ಕೈಬಿಡಲಿಲ್ಲ. ಮೈಸೂರು ವಿಶ್ವವಿದ್ಯಾನಿಲಯದಡಿ ಮಂಡ್ಯದ ಪಿಇಎಸ್ ಎಂಜಿನಿಯರಿಂಗ್ ಕಾಲೇಜಿನಲ್ಲಿ 1976ರಲ್ಲಿ ಪದವಿ ಪಡೆದು, 1980ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಿಂದ ಪಿಎಚ್‌.ಡಿ. ಮುಗಿಸಿ ಕೆನಡಾದ ಕ್ಯಾಲ್ಗರಿಯಲ್ಲಿ ಪ್ರಾಧ್ಯಾಪಕರಾದ ರಂಗರಾಜ್ ಎಂ. ರಂಗಯ್ಯನ್ ಅವರೂ ಎಲೆಕ್ಟ್ರಾನಿಕ್ಸ್‌ನಿಂದಲೇ ಬಂದವರು; ಜೈವಿಕ ಸಂಕೇತಗಳ ವಿಶ್ಲೇಷಣೆಗೆ ಅವರು ಬರೆದ ಪಠ್ಯವನ್ನು ಬಯೋಮೆಡಿಕಲ್ ವಿದ್ಯಾರ್ಥಿಗಳು ಇಂದಿಗೂ ಓದುತ್ತಾರೆ. ಹಾಗಾಗಿ ನಿಮ್ಮ ಮಗಳ ಕೋರ್ಸಿನ ಹೆಸರಿಗಿಂತ, ಅದರಲ್ಲಿ ಸಿಗ್ನಲ್ ಪ್ರೊಸೆಸಿಂಗ್, ಸರ್ಕಿಟ್ ವಿನ್ಯಾಸ, ಸಂಖ್ಯಾಶಾಸ್ತ್ರ ಎಷ್ಟು ಗಟ್ಟಿಯಾಗಿ ಕಲಿಸುತ್ತಾರೆ ಎಂಬುದನ್ನು ನೋಡಬೇಕು. ಅವು ಗಟ್ಟಿಯಾಗಿದ್ದರೆ ವಿಷಯ ಸಣ್ಣದಾಯಿತೆಂಬ ಭಯ ಬೇಡ.

ಖರ್ಚಿನ ವಿಷಯಕ್ಕೆ ಬಂದರೆ, ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾನಿಲಯದಲ್ಲಿ ನ್ಯೂರೋ ಎಂಜಿನಿಯರಿಂಗ್‌ನದೇ ಎಂ.ಎಸ್‌ಸಿ. ಇದೆ. ಜರ್ಮನಿಯಲ್ಲಿ ಓದು ಉಚಿತ ಎಂಬ ಮಾತನ್ನು ಪೂರ್ತಿ ನಂಬಬೇಡಿ. ಆ ವಿಶ್ವವಿದ್ಯಾನಿಲಯವು 2024ರ ಚಳಿಗಾಲದ ಸೆಮಿಸ್ಟರಿನಿಂದ ಐರೋಪ್ಯ ಒಕ್ಕೂಟದ ಹೊರಗಿನ ಹೊಸ ವಿದ್ಯಾರ್ಥಿಗಳಿಗೆ ಶುಲ್ಕ ವಿಧಿಸುತ್ತಿದೆ. ವೀಸಾಕ್ಕೆ ಮೊದಲು ಒಂದು ವರ್ಷದ ಜೀವನ ಖರ್ಚನ್ನು ಬ್ಲಾಕ್ಡ್ ಅಕೌಂಟಿನಲ್ಲಿ, ಅಂದರೆ ತಿಂಗಳಿಗಿಷ್ಟೇ ಎಂದು ತೆಗೆಯಬಹುದಾದ ಖಾತೆಯಲ್ಲಿ, ತೋರಿಸಬೇಕು. 2024ರ ಸೆಪ್ಟೆಂಬರಿನಿಂದ ಆ ಮೊತ್ತ 11,904 ಯೂರೋ. ಅಮೆರಿಕದಲ್ಲಿ ಎಂ.ಎಸ್‌.ಗೆ ಸಾಮಾನ್ಯವಾಗಿ ಕೈಯಿಂದ ಹಣ ಕಟ್ಟಬೇಕು, ಆದರೆ ಎಂಜಿನಿಯರಿಂಗ್ ಪಿಎಚ್‌.ಡಿ.ಗೆ ಆಯ್ಕೆಯಾದವರಿಗೆ ಬಹುಪಾಲು ಕಡೆ ಶುಲ್ಕವನ್ನು ಲ್ಯಾಬು ಅಥವಾ ವಿಭಾಗವೇ ಭರಿಸಿ ತಿಂಗಳ ಭತ್ಯೆಯನ್ನೂ ಕೊಡುತ್ತದೆ. ಮನೆ ಅಡವಿಟ್ಟು ಎಂ.ಎಸ್‌.ಗೆ ಕಳಿಸುವುದಕ್ಕಿಂತ, ಮಗಳು ಇಲ್ಲಿಯೇ ಒಂದು ವರ್ಷ ಪ್ರಾಜೆಕ್ಟ್ ಹುದ್ದೆಯಲ್ಲಿ ಕೆಲಸ ಮಾಡಿ, ಪ್ರಬಂಧವೊಂದರಲ್ಲಿ ಹೆಸರು ಪಡೆದು, ನೇರವಾಗಿ ಪಿಎಚ್‌.ಡಿ.ಗೆ ಅರ್ಜಿ ಹಾಕುವುದು ನಿಮ್ಮಂತಹ ಕುಟುಂಬಕ್ಕೆ ಹೆಚ್ಚು ಹಿತವೆಂದು ನನ್ನ ಅಭಿಪ್ರಾಯ.

ಉದ್ಯೋಗದ ಬಗ್ಗೆ ಇದ್ದದ್ದನ್ನು ಇದ್ದಂತೆ ಹೇಳಬೇಕು. ಮಿದುಳಿಗೆ ಇರಿಸುವ ಸಾಧನಗಳನ್ನು ತಯಾರಿಸುವ ಕೆಲಸಗಳು ನಮ್ಮ ದೇಶದಲ್ಲಿ ಇಂದು ಕಡಿಮೆ. ಆದರೆ ಅದೇ ಕೌಶಲವನ್ನು ಕೇಳುವ ಎಂಆರ್‌ಐ, ಮಾನಿಟರ್, ಸ್ಕ್ಯಾನರ್‌ಗಳ ಸಂಶೋಧನಾ ಕೇಂದ್ರಗಳು ಬೆಂಗಳೂರಿನಲ್ಲೇ ಇವೆ. ಜಿಇ, ಫಿಲಿಪ್ಸ್, ಸೀಮೆನ್ಸ್ ಮೂರೂ ಕಂಪನಿಗಳು ಅಲ್ಲಿ ದೊಡ್ಡ ಎಂಜಿನಿಯರಿಂಗ್ ತಂಡಗಳನ್ನು ನಡೆಸುತ್ತಿವೆ. ನರಕ್ಕೆ ವಿದ್ಯುತ್ ಕೊಟ್ಟು ಕೇಳುವಂತೆ ಮಾಡುವ ಕಾಕ್ಲಿಯರ್ ಇಂಪ್ಲಾಂಟನ್ನೇ ನೋಡಿ. 1957ರಲ್ಲಿ ಪ್ಯಾರಿಸ್ಸಿನಲ್ಲಿ ಮೊದಲ ಪ್ರಯತ್ನ ನಡೆಯಿತು, 1978ರಲ್ಲಿ ಮೆಲ್ಬರ್ನ್‌ನಲ್ಲಿ ಗ್ರೇಮ್ ಕ್ಲಾರ್ಕ್ ಅವರ ತಂಡ ಬಹುಚಾನೆಲ್ ಸಾಧನವನ್ನು ರೋಗಿಗೆ ಇರಿಸಿತು, ಇಂದು ಪ್ರಪಂಚದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಅಳವಡಿಕೆಗಳಾಗಿವೆ. ಅಂಗವಿಕಲರಿಗೆ ಸಾಧನಗಳನ್ನು ಒದಗಿಸುವ ಕೇಂದ್ರ ಸರ್ಕಾರದ ಅಡಿಪ್ ಯೋಜನೆಯಡಿ ನಮ್ಮ ಬಡ ಮಕ್ಕಳಿಗೂ ಅದು ದೊರೆಯುತ್ತಿದೆ, 1965ರಲ್ಲಿ ಸ್ಥಾಪನೆಯಾದ ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಶ್ರವಣದೋಷವಿರುವ ಮಕ್ಕಳ ತಪಾಸಣೆ, ತರಬೇತಿ ನಡೆಯುತ್ತದೆ. ಸಾಧನ ಮಾತ್ರ ಬಹುಪಾಲು ಹೊರದೇಶದ ಕಂಪನಿಗಳದ್ದು. ಈ ಕೊರತೆಯನ್ನು ತುಂಬಲು ನಿಮ್ಮ ಮಗಳಂಥವರು ಬೇಕು, ಅದಕ್ಕೆ ಸಂಬಳವೂ ಸಿಗುತ್ತದೆ, ಆದರೆ ಪಿಎಚ್‌.ಡಿ. ಮುಗಿಯುವವರೆಗಿನ ಐದಾರು ವರ್ಷ ಅವಳ ಗೆಳತಿಯರಿಗಿಂತ ಅವಳ ಆದಾಯ ಕಡಿಮೆಯೇ ಇರುತ್ತದೆ. ಈ ಮಾತನ್ನು ಮನೆಯಲ್ಲಿ ಎಲ್ಲರೂ ಕುಳಿತು ಈಗಲೇ ಆಡಿಬಿಡಿ, ಮದುವೆಯ ಮಾತು ಅದರ ಮೇಲೆ ಒತ್ತಡವಾಗದಂತೆಯೂ ನೋಡಿಕೊಳ್ಳಿ.

ಪ್ರಶ್ನೆ: ಪ್ರಾಣಿಗಳ ಮೇಲೆ ಪ್ರಯೋಗ ಮಾಡಲು ನನ್ನ ಮನಸ್ಸು ಒಪ್ಪುವುದಿಲ್ಲ. ಈ ಕ್ಷೇತ್ರಕ್ಕೆ ಬರಬಹುದೇ?
ಓದುಗರು, ಶಿರಸಿ

ಉತ್ತರ: ಬರಬಹುದು. ಇಇಜಿ, ಎಂಆರ್‌ಐ, ಹೊರಗಿನಿಂದ ಕಾಂತಕ್ಷೇತ್ರದ ಮೂಲಕ ಮಿದುಳನ್ನು ಪ್ರಚೋದಿಸುವ ಟಿಎಂಎಸ್, ಪಾರ್ಶ್ವವಾಯು ಆದವರ ಪುನಶ್ಚೇತನ ಸಾಧನಗಳು, ಕಂಪ್ಯೂಟರ್ ಮಾದರಿಗಳು ಇವೆಲ್ಲ ಮನುಷ್ಯರೊಡನೆ ಅಥವಾ ಗಣಿತದೊಡನೆ ಮಾತ್ರ ನಡೆಸಬಹುದಾದ ಸಂಶೋಧನೆಗಳು. ಮೂರ್ಛೆಯ ಮೂಲ ಹುಡುಕಲು ಶಸ್ತ್ರಚಿಕಿತ್ಸೆಗೆ ಮೊದಲು ಕೆಲವು ರೋಗಿಗಳ ಮಿದುಳಿನೊಳಗೆ ಎಲೆಕ್ಟ್ರೋಡ್ ಇಡುತ್ತಾರೆ. ಅವರ ಸಮ್ಮತಿಯೊಡನೆ ಆ ದಿನಗಳಲ್ಲಿ ನಡೆಸುವ ಅಧ್ಯಯನಗಳಿಂದಲೂ ಬಹಳಷ್ಟು ಕಲಿಯಲಾಗಿದೆ. ಆದರೂ ನೀವು ಬಳಸುವ ಯೂಟಾ ಅರೇಯಂತಹ ಸಾಧನಗಳು ಮನುಷ್ಯರಿಗೆ ಬರುವ ಮೊದಲು ಪ್ರಾಣಿಗಳಲ್ಲಿ ಪರೀಕ್ಷೆಯಾಗಿಯೇ ಬಂದವು ಎಂಬುದನ್ನು ತಿಳಿದಿರಬೇಕು, ನಮ್ಮ ದೇಶದಲ್ಲಿ ಅಂತಹ ಪ್ರಯೋಗಕ್ಕೆ ಕಾನೂನಿನ ಸಮಿತಿಯ ಅನುಮತಿ ಕಡ್ಡಾಯವೆಂಬುದನ್ನೂ. ನಿಮ್ಮ ನಿಲುವಿಗೆ ನಾಚಿಕೆಪಡುವ ಅಗತ್ಯವಿಲ್ಲ. ಪಿಎಚ್‌.ಡಿ. ಸಂದರ್ಶನದಲ್ಲೇ, ಗೈಡ್ ಒಪ್ಪಿಕೊಳ್ಳುವ ಮೊದಲೇ, ಅದನ್ನು ತಿಳಿಸಿ; ಆ ಲ್ಯಾಬಿನ ಕಳೆದ ಐದು ವರ್ಷಗಳ ಪ್ರಬಂಧಗಳ ವಿಧಾನದ ಭಾಗವನ್ನು ಮೊದಲೇ ಓದಿಕೊಂಡು ಹೋಗಿ, ಅಲ್ಲಿ ನಿಮಗೆ ಯಾವ ಕೆಲಸ ಬರುತ್ತದೆ ಎಂಬುದು ಸಂದರ್ಶನಕ್ಕಿಂತ ಮುಂಚೆಯೇ ಗೊತ್ತಾಗುತ್ತದೆ.